ಮದ್ದಿನ ಗದ್ದಲ

ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಮಾವ ಫೋನಿನಲ್ಲಿ ಕೂಗುತ್ತಿದ್ದರು: "ಹಳೇ ಮದ್ದು ಒಳಗೇ ಕಟ್ಟಿಕೊಂಡಿದೆ, ಬಿಸಿನೀರು ಬಿಡು!" ಕೆಳಮನೆಯ ಕನ್ನಡದ ಅಜ್ಜಿ ಇಸಬಗೋಲಿನ ಡಬ್ಬಿ ಹಿಡಿದು ಮೆಟ್ಟಿಲೇರಿ ಬಂದೇಬಿಟ್ಟರು.

ರೋಗಿ ಇದ್ದದ್ದು ಕೊಡಗಿನಲ್ಲಿ. ಮಾವನ ಅಜ್ಜನ ಕಾಲದ ಕೇಪಿನ ಕೋವಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಅದು ತೋಕ್ ಪೂ (ಕೋವಿ ಹೂ) ಮುಡಿದು ಪೂಜೆಗೆ ಕೂರಬೇಕು.

ಕರಿಮದ್ದೆಂದರೆ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಹೊಗೆ, ಮಸಿಯಾಗಿ ಉಳಿಯುತ್ತದೆ. ನಳಿಗೆಯೊಳಗೆ ಅಂಟಿದ ಮಸಿ ತೇವ ಹೀರುತ್ತದೆ. ಕೊಡಗಿನ ಮಳೆಗೆ ತುಕ್ಕು ಕರೆಯದೆಯೇ ಬರುತ್ತದೆ. ಹಾಗಾಗಿ ಈಡು ಹೊಡೆದ ದಿನವೇ ಬಿಸಿನೀರ ಸ್ನಾನ, ಒಣಬಟ್ಟೆ, ತೆಳುವಾಗಿ ಎಣ್ಣೆ. ಥೇಟ್ ಬಾಣಂತಿ ಆರೈಕೆ. ತನ್ನ ಮೂರು ಬಾಣಂತನದಲ್ಲೂ ಇಷ್ಟು ಸಿಕ್ಕಿರಲಿಲ್ಲವೆಂದು ಅಡುಗೆಮನೆಯಿಂದ ಅತ್ತೆಯ ಟಿಪ್ಪಣಿ.

ಎಣ್ಣೆ ಹೆಚ್ಚಾದರೆ ಇನ್ನೊಂದು ತಾಪತ್ರಯ. ಕೇಪು ಕೂರುವ ಸಣ್ಣ ತೂತು ಮುಚ್ಚಿ, ಕೋವಿಯ ಕುದುರೆ ಬಡಿದರೂ ಬರೀ 'ಚಟ್'. "ಆಗ ನಳಿಗೆಗೆ ಕಣ್ಣಿಟ್ಟು ನೋಡುವವನು ಮತ್ತೇನನ್ನೂ ನೋಡಲ್ಲ," ಎಂದರು ಮಾವ. ಈಡು ತಡವಾಗಿಯೂ ಹಾರಬಹುದಲ್ಲ!

ನಳಿಗೆ ಉಜ್ಜುವ ಸರಳು ಕೊಳ್ಳಲು ಅವರು ಹೆಸರನ್ನೇ ನಂಬಿ ಗನ್‌ಫೌಂಡ್ರಿಗೂ ಹೋಗಿಬಂದರು. ನಿಜಾಮರ ಫ್ರೆಂಚ್ ಸೇನಾನಿ ರೇಮಂಡ್ 18ನೇ ಶತಮಾನದ ಕೊನೆಗೆ ಫಿರಂಗಿ ಎರಕ ಹೊಯ್ಯಿಸಿದ ಜಾಗ. ಈಗ ಅಲ್ಲಿ ಬ್ಯಾಂಕು. ಮಾವ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದರು.

ಸಂಜೆ ಅಜ್ಜಿ ಮತ್ತೆ ಕೆಳಗಿನಿಂದ ಕೂಗಿದರು: "ಏನಪ್ಪಾ, ಸಲೀಸಾಯ್ತಾ?"