ಕೂರಿಸುವ ಶಿಬಿರ ಎಲ್ಲಿದೆ?

ಮೈಕಿನ ಮುಂದೆ ನಿಂತರೆ ಕೈಕಾಲು ನಡುಗುವವರಿಗಾಗಿ ಊರೂರಲ್ಲಿ ಶಿಬಿರಗಳಿವೆ. ದುಡ್ಡು ಕಟ್ಟಿದರೆ ಸಭಾಕಂಪನ ಬಿಡಿಸಿ, ಎದ್ದು ನಿಲ್ಲಿಸಿ ಮಾತಾಡಿಸುತ್ತಾರೆ. ಹಾಗೆ ಎದ್ದವರನ್ನು ಮತ್ತೆ ಕೂರಿಸುವುದಕ್ಕೆ ಮಾತ್ರ ಒಂದೂ ಶಿಬಿರವಿಲ್ಲ.

ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವದ ಸಭೆಗಳನ್ನೇ ನೋಡಿ. ನಿರೂಪಕರು ಗಣ್ಯರೆಲ್ಲರ ಹೆಸರು ಹೇಳಿರುತ್ತಾರೆ, ಸ್ವಾಗತ ಕೋರಿದವರು ಅದನ್ನೇ ಹಾರದ ಜೊತೆ ಇನ್ನೊಮ್ಮೆ ಹೇಳಿರುತ್ತಾರೆ. ಆದರೂ ಭಾಷಣಕಾರರು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಮೊದಲಿನಿಂದ ಶುರುಮಾಡುತ್ತಾರೆ. ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂಬ ಭರವಸೆ ಕದಂಬರ ಕಾಲಕ್ಕೆ ಬರುವ ಹೊತ್ತಿಗೆ ತೀರಿಕೊಂಡಿರುತ್ತದೆ. ಹೊಯ್ಸಳರ ಹೊತ್ತಿಗೆ ಸಂಘಟಕರು ಬಗ್ಗಿಕೊಂಡು ಬಂದು ಚೀಟಿ ಇಡುತ್ತಾರೆ. ಭಾಷಣಕಾರರು ಕನ್ನಡಕ ಏರಿಸಿ ಅದನ್ನು ಮೈಕಿನಲ್ಲೇ ಓದುತ್ತಾರೆ: ‘ಬೇಗ ಮುಗಿಸಿ ಅಂತ ಚೀಟಿ ಬಂದಿದೆ.’ ಸಭೆ ನಗುತ್ತದೆ. ನಗು ಬಂತಲ್ಲ, ಇನ್ನು ಇಪ್ಪತ್ತು ನಿಮಿಷ ಗ್ಯಾರಂಟಿ. ಕೊನೆಗೆ ಅಧ್ಯಕ್ಷರು ಎದ್ದು, ‘ಎಲ್ಲವನ್ನೂ ಎಲ್ಲರೂ ಹೇಳಿದ್ದಾರೆ, ನನಗೇನೂ ಉಳಿದಿಲ್ಲ’ ಎಂದು ಆ ಎಲ್ಲವನ್ನೂ ಪುನಃ ಹೇಳುತ್ತಾರೆ. ವಂದನಾರ್ಪಣೆಯವರು ಶಾಮಿಯಾನದವರಿಗೆ ಕೃತಜ್ಞತೆ ಸಲ್ಲಿಸುವಾಗ ಶಾಮಿಯಾನದವರು ಕುರ್ಚಿ ಜೋಡಿಸಿ ಲಾರಿಗೆ ಹಾಕುತ್ತಿರುತ್ತಾರೆ.

ನನಗೆ ಸಭಾಕಂಪನ ಇದೆ, ದೇವರ ದಯೆಯಿಂದ ಚೆನ್ನಾಗಿಯೇ ಇದೆ. ಬರೆದುಕೊಂಡ ಹಾಳೆ ಕೈಯಲ್ಲಿ ಪಟಪಟ ಅನ್ನುತ್ತದೆ, ಮೂರು ನಿಮಿಷಕ್ಕೆ ಗಂಟಲು ಒಣಗುತ್ತದೆ, ನಾಲ್ಕಕ್ಕೆ ಕೂತಿರುತ್ತೇನೆ. ಹಾಗಾಗಿ ಈಚೆಗೆ ನನಗೆ ಬೇಡಿಕೆ ಬಂದಿದೆ. ‘ಊಟಕ್ಕೆ ಮುಂಚೆ ನಿಮ್ಮದು ಇಟ್ಟಿದ್ದೀವಿ ಸಾರ್, ಅನ್ನ ಆರಬಾರದು ನೋಡಿ’ ಎನ್ನುತ್ತಾರೆ ಸಂಘಟಕರು. ನನ್ನ ವಿದ್ವತ್ತಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ನನ್ನ ಪಕ್ಷದಲ್ಲಿ ದೊಡ್ಡವರೂ ಇದ್ದಾರೆ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಗಾಂಧೀಜಿ ಬರೆದುಕೊಂಡು ಹೋದದ್ದನ್ನೂ ಓದಲಾಗದೆ ಬೇರೆಯವರಿಂದ ಓದಿಸಿದರು. ಮುಂಬೈ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದವರು, ಪಾಟೀಸವಾಲಿಗೆ ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು. ಮಾತನ್ನು ಹಿಡಿದು ಬಳಸುವುದನ್ನು ಆ ಸಂಕೋಚವೇ ಕಲಿಸಿತೆಂದು ಆತ್ಮಕಥೆಯಲ್ಲಿ ಬರೆದರು. ಅವರ ಈ ಮಿತಭಾಷೆಯ ಮಹಿಮೆಯನ್ನು ಪ್ರತಿ ಅಕ್ಟೋಬರ್ 2ರಂದು ನಮ್ಮ ಭಾಷಣಕಾರರು ಒಂದೂವರೆ ಗಂಟೆ ಕೊಂಡಾಡುತ್ತಾರೆ. ಎದುರು ಪಕ್ಷಕ್ಕೆ ಕೃಷ್ಣ ಮೆನನ್ ಇದ್ದಾರೆ. 1957ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತಾಡಿದರು. ಅವರಿಗೆ ಕಾಶ್ಮೀರವಾದರೂ ಇತ್ತು. ನಮ್ಮವರಿಗೆ ಪುಸ್ತಕ ಬಿಡುಗಡೆ ಸಾಕು, ಪುಸ್ತಕ ಓದಿರಬೇಕೆಂದೂ ಇಲ್ಲ.

ಬೆಂಗಳೂರಿನ ಐಟಿ ಹುಡುಗರು ಸೇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಸಾಮಾನ್ಯ ಭಾಷಣಕ್ಕೆ ಐದರಿಂದ ಏಳು ನಿಮಿಷ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ‘ಆಂ, ಊಂ’ ಎಂದದ್ದನ್ನು ಎಣಿಸಲು ಬೇರೆಯೇ ಒಬ್ಬರು. ಈ ದೀಪಗಳನ್ನು ನಮ್ಮ ವೇದಿಕೆಗೂ ತರೋಣ ಎಂದು ಪರಿಚಯದ ಸಂಘಟಕರೊಬ್ಬರಿಗೆ ಹೇಳಿದೆ. ಅವರು ತಲೆಯಾಡಿಸಿದರು: ‘ಪ್ರಯೋಜನ ಇಲ್ಲ ಸಾರ್. ಕೆಂಪು ದೀಪ ಹತ್ತಿದ ಕೂಡಲೇ ದೀಪಾಲಂಕಾರ ಮಾಡಿದವರಿಗೂ ಅಭಿನಂದನೆ ಹೇಳಿ ಮುಂದುವರಿಸ್ತಾರೆ.’