ಬಾಗಿಲಲ್ಲೇ ಬೀಳ್ಕೊಡುಗೆ

ಪ್ರಬಂಧದ ಕಟ್ಟಕಡೆಗೆ ಬರಬೇಕಾದ ಪೆಟ್ಟಿಗೆ ಶೀರ್ಷಿಕೆಯ ಕೆಳಗೇ ಬಂದು ಕೂತಿತ್ತು: 'ಹೋಗಿ ಬನ್ನಿ, ಮತ್ತೆ ಸಿಗೋಣ.' ವರ್ಡ್‌ಪ್ರೆಸ್‌ನಲ್ಲಿ ತಾಣ ಕಟ್ಟಿಕೊಂಡು, ಥೀಮಿನ ಫಂಕ್ಷನ್ಸ್ ಫೈಲಿಗೆ ತಾವೇ ಕೈಹಾಕಿ ಶಾರ್ಟ್‌ಕೋಡ್ ಬರೆದಿದ್ದ ಲೇಖಕ ಮಹಾಶಯರು ಅದನ್ನು ಹಾಕಿದ್ದು ಕೊನೆಯ ಸಾಲಿನ ನಂತರವೇ. ಶಿವಮೊಗ್ಗದಿಂದ ತಂಗಿ ಫೋನ್ ಮಾಡಿದಳು: "ಏನಣ್ಣಾ, ಬಂದವರನ್ನ ಬಾಗಿಲಲ್ಲೇ ಕಳಿಸ್ತೀಯಲ್ಲ!"

ಯುಗಾದಿ ಲೇಖನ ತೆರೆದರೆ ಹೋಗಿ ಬನ್ನಿ. ಮಲೆನಾಡಿನ ಮಳೆ ತೆರೆದರೆ, ಒಂದು ಹನಿ ಬೀಳುವ ಮುನ್ನವೇ ಹೋಗಿ ಬನ್ನಿ. ಅತಿಥಿ ಸತ್ಕಾರದ ಮೇಲಿನ ಪ್ರಬಂಧಕ್ಕೂ ಅದೇ ಸ್ವಾಗತ. ಮಹಾಶಯರಿಗೆ ನಾಚಿಕೆಯಾದರೂ ಒಳಗೊಳಗೇ ಖುಷಿ. ಸಿಕ್ಕವರಿಗೆಲ್ಲ ಮೊಬೈಲ್ ತೆರೆದು ತೋರಿಸಿದ್ದೇ ತೋರಿಸಿದ್ದು. ತೀರಿಕೊಂಡ ಮೇಷ್ಟ್ರ ಪುಟ ತೆರೆದಾಗ ಮಾತ್ರ ನಗು ನಿಂತಿತು. ಮೇಲೆ ಮೇಷ್ಟ್ರ ಫೋಟೊ, ಅದರಡಿ ಆ ಪೆಟ್ಟಿಗೆ. ಹಳೆಯ ಸಹಪಾಠಿಯೊಬ್ಬರು ಗದ್ಗದಿತರಾಗಿ, "ಆ ಒಂದು ಸಾಲೇ ಸಾಕಿತ್ತು ಕಣಯ್ಯಾ, ಉಳಿದದ್ದೆಲ್ಲ ಯಾಕೆ ಬರೆದೆ?" ಎಂದರು.

ತಿಳಿದವರನ್ನು ಕೇಳಿದರೆ ಎಲ್ಲರದೂ ಒಂದೇ ಮಂತ್ರ: "ಕ್ಯಾಶ್ ಕ್ಲಿಯರ್ ಮಾಡಿ ಸಾರ್." ಕೇಳಿದ್ದೇನು ಎಂದು ಪೂರ್ತಿ ಆಲಿಸುವ ವ್ಯವಧಾನ ಒಬ್ಬರಿಗೂ ಇಲ್ಲ. ಒಬ್ಬ ಉತ್ಸಾಹಿ ಸಿಎಸ್‌ಎಸ್‌ನಲ್ಲಿ ಪೊಸಿಷನ್ ಆಬ್ಸೊಲ್ಯೂಟ್ ಕೊಟ್ಟು ಪೆಟ್ಟಿಗೆಯನ್ನು ತಳಕ್ಕೆ ದಬ್ಬಿದ. ಮೊಬೈಲಿನಲ್ಲಿ ಅದು ಕೊನೆಯ ಪ್ಯಾರಾದ ಮೇಲೇ ಹತ್ತಿ ಕೂತಿತು.

ಶಾರ್ಟ್‌ಕೋಡ್ ವರ್ಡ್‌ಪ್ರೆಸ್‌ಗೆ ಬಂದದ್ದು 2008ರಲ್ಲಿ, 2.5 ಆವೃತ್ತಿಯ ಜೊತೆ. ಫಂಕ್ಷನ್ ತನ್ನ ಪಠ್ಯವನ್ನು ರಿಟರ್ನ್ ಮಾಡಬೇಕು, ಎಕೋ ಮಾಡಕೂಡದು ಎಂದು ಕೈಪಿಡಿಯಲ್ಲೇ ಇದೆ. ಮಹಾಶಯರು ಮಾಡಿದ್ದು ಎಕೋ. ಬರಹವೆಲ್ಲ ಫಿಲ್ಟರುಗಳನ್ನು ದಾಟಿದ ಮೇಲೆ ಒಟ್ಟಾಗಿ ಪುಟಕ್ಕೆ ಇಳಿಯುತ್ತದೆ. ಎಕೋ ಮಾಡಿದ್ದು ಫಿಲ್ಟರು ನಡೆಯುತ್ತಿರುವಾಗಲೇ ಹೊರಬಿದ್ದಿರುತ್ತದೆ. ಎಲೆ ಹಾಕುವ ಮೊದಲೇ ಅಡುಗೆಭಟ್ಟರು ಪಂಕ್ತಿಗೆ ಓಡಿಬಂದು ಪಾಯಸ ಸುರಿದ ಹಾಗೆ.

ಎಕೋ ಅಳಿಸಿ ರಿಟರ್ನ್ ಬರೆದರೆ ಮುಗಿಯಿತು. ಎಚ್‌ಟಿಎಂಎಲ್ ಉದ್ದವಿದ್ದರೆ, ಇಲ್ಲವೇ ಒಳಗೆ ಗೆಟ್ ಟೆಂಪ್ಲೇಟ್ ಪಾರ್ಟ್‌ನಂತೆ ನೇರ ಪುಟಕ್ಕೇ ಸುರಿಯುವ ಫಂಕ್ಷನ್ ಇದ್ದರೆ, ಮೊದಲು ಓಬಿ ಸ್ಟಾರ್ಟ್, ಕೊನೆಗೆ ಓಬಿ ಗೆಟ್ ಕ್ಲೀನ್ ಕೊಟ್ಟದ್ದನ್ನು ರಿಟರ್ನ್ ಮಾಡುವುದು. ಮಹಾಶಯರು ಹಾಗೆ ಮಾಡಿದ್ದೇ ತಡ, ಪೆಟ್ಟಿಗೆ ತೆಪ್ಪಗೆ ಕೆಳಗಿಳಿಯಿತು. ಮೇಷ್ಟ್ರ ಪುಟದಲ್ಲಿ ಮಾತ್ರ ಶಾರ್ಟ್‌ಕೋಡನ್ನು ಮಹಾಶಯರೇ ಎತ್ತಿ ಮೇಲೆ ಹಾಕಿದರು.

ಇನ್ನೊಂದು ಮಾತು. ಶಾರ್ಟ್‌ಕೋಡ್ ಥೀಮಿನ ಫೈಲಿನಲ್ಲೇ ಇದ್ದರೆ, ಥೀಮ್ ಬದಲಿಸಿದ ದಿನ ಓದುಗರಿಗೆ ಕಾಣುವುದು ಚೌಕಾವರಣದೊಳಗಿನ ಅದರ ಹೆಸರಷ್ಟೇ. ಥೀಮ್ ಅಪ್‌ಡೇಟ್ ಆದರೆ ಬರೆದ ಕೋಡೂ ಅಳಿಸಿಹೋಗುತ್ತದೆ. ಸಣ್ಣದೊಂದು ಪ್ಲಗಿನ್ ಮಾಡಿ ಅದರಲ್ಲಿಟ್ಟುಕೊಳ್ಳಿ. ಕೈಹಾಕುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಿ.