ಯೋಗ್ಯತೆ ಅಳೆಯುವವರು ಯಾರು? ಜಾನ್ ಸ್ಟುವರ್ಟ್ ಮಿಲ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮಿಲ್ ಅವರಿಗೆ,

1859ರಲ್ಲಿ ಪ್ರಕಟವಾದ ನಿಮ್ಮ ‘ಆನ್ ಲಿಬರ್ಟಿ’ಯನ್ನು ನಮ್ಮಲ್ಲಿ ಇಂದಿಗೂ ಓದುತ್ತಾರೆ. ಊರಿಗೆ ಊರೇ ಒಂದು ಕಡೆ ನಿಂತರೂ ಬೇರೆ ಮಾತಾಡುವ ಒಬ್ಬನೇ ಒಬ್ಬನ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ ಎಂದು ವಾದಿಸಿದವರು ನೀವು. ಪುಸ್ತಕಕ್ಕೆ ನಿಷೇಧ ಬಂದಾಗ, ಬರೆದವರ ಮೇಲೆ ಕೇಸು ಬಿದ್ದಾಗ ನಮ್ಮ ನೆರವಿಗೆ ಬರುವುದು ಆ ವಾದವೇ. ಆ ಋಣ ದೊಡ್ಡದು. ಹಾಗಾಗಿಯೇ ನಮ್ಮ ತಕರಾರನ್ನೂ ನಿಮ್ಮ ಮುಂದೆಯೇ ಇಡುತ್ತಿದ್ದೇನೆ.

ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲೇ ನೀವೊಂದು ಷರತ್ತು ಹಾಕಿದಿರಿ. ಈ ಸ್ವಾತಂತ್ರ್ಯ ಮಕ್ಕಳಿಗಲ್ಲ, ಹಿಂದುಳಿದ ಸಮಾಜಗಳಿಗೂ ಅಲ್ಲ. ಅನಾಗರಿಕರನ್ನು ಸುಧಾರಿಸುವುದೇ ಗುರಿಯಾದರೆ ಅವರ ಮೇಲೆ ನಿರಂಕುಶ ಆಳ್ವಿಕೆ ನ್ಯಾಯವೇ. ಒಬ್ಬ ಅಕ್ಬರನೋ ಶಾರ್ಲಮೇನನೋ ಸಿಕ್ಕರೆ ಅದು ಅವರ ಪುಣ್ಯ ಎಂದಿರಿ.

ಇದು ಬಾಯಿತಪ್ಪಿ ಬಂದ ಮಾತಲ್ಲ. 1823ರಲ್ಲಿ, ನಿಮ್ಮ ಹದಿನೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ ಸೇರಿದಿರಿ. ಭಾರತವನ್ನು ನೋಡದೆಯೇ 1817ರಲ್ಲಿ ಅದರ ಚರಿತ್ರೆ ಬರೆದ ನಿಮ್ಮ ತಂದೆ ಜೇಮ್ಸ್ ಮಿಲ್ ಆಗಲೇ ಅಲ್ಲಿ ಅಧಿಕಾರಿಯಾಗಿದ್ದರು. 1858ರವರೆಗೆ, 35 ವರ್ಷ, ನೀವು ಭಾರತಕ್ಕೆ ಹೋಗಬೇಕಾದ ಆದೇಶಪತ್ರಗಳ ಕರಡು ಬರೆದಿರಿ. ದೇಶೀ ಸಂಸ್ಥಾನಗಳ ಪತ್ರವ್ಯವಹಾರ ನಿಮ್ಮ ಮೇಜಿನ ಮೇಲೇ ಹಾದುಹೋಯಿತು. ನೀವೂ ಒಮ್ಮೆಯೂ ಈ ಕಡೆ ಬರಲಿಲ್ಲ.

ನೀವು ಆ ಕೆಲಸದಲ್ಲಿದ್ದಾಗಲೇ, 1834ರಲ್ಲಿ, ಕಂಪನಿ ನಮ್ಮ ಕೊಡಗನ್ನು ನುಂಗಿತು. ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಜನರೇ ಕಂಪನಿಯ ಆಳ್ವಿಕೆ ಬಯಸಿದರೆಂದು ಸಾರಿತು. ಅರಸ ಕ್ರೂರಿಯಾಗಿದ್ದ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಮೂರೇ ವರ್ಷಕ್ಕೆ, ಅವನ ಆಳ್ವಿಕೆಯಲ್ಲಿದ್ದ ಸುಳ್ಯದ ಕಡೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಮುಂದಾಳುಗಳನ್ನು ಕಂಪನಿ ಗಲ್ಲಿಗೇರಿಸಿತು. ಸುಧಾರಣೆ ಬೇಕೇ ಎಂದು ಆ ರೈತರನ್ನು ಯಾರೂ ಕೇಳಿರಲಿಲ್ಲ. ಬೇಡವೆಂದವರಿಗೆ ಸಿಕ್ಕಿದ್ದು ನೇಣು. ಅರಸ 1852ರಲ್ಲಿ ನಿಮ್ಮೂರಿಗೇ ಬಂದು, ತನ್ನ ಹಣಕ್ಕಾಗಿ ಕಂಪನಿಯ ಮೇಲೆ ದಾವೆ ಹೂಡಿ, ನಿಮ್ಮ ಪುಸ್ತಕ ಹೊರಬಂದ 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡ.

ಕಾಲವೇ ಹಾಗಿತ್ತು ಎಂದು ನಿಮ್ಮ ಪರವಾಗಿ ಹೇಳುವವರಿದ್ದಾರೆ. ಒಪ್ಪಲಾರೆ. ವ್ಯಾಪಾರಿ ಕಂಪನಿಯೊಂದರ ಆಳ್ವಿಕೆಯಷ್ಟು ಕೆಟ್ಟ ಸರ್ಕಾರ ಇನ್ನೊಂದಿರಲಾರದು ಎಂದು ಆಡಂ ಸ್ಮಿತ್ 1776ರಲ್ಲೇ ಬರೆದಿದ್ದರು. ವಸಾಹತುಗಳ ದರೋಡೆಯನ್ನು ಫ್ರಾನ್ಸಿನ ದಿದೆರೋ ಖಂಡಿಸಿದ್ದರು. ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಎಡ್ಮಂಡ್ ಬರ್ಕ್ 1788ರಲ್ಲಿ ಕಟಕಟೆಗೆ ಎಳೆದಿದ್ದರು. ಇವರೆಲ್ಲ ನಿಮಗಿಂತ ಹಿಂದಿನವರು.

ಇವರನ್ನೂ ಬಿಡಿ, ನಿಮ್ಮ ಮಾತನ್ನೇ ತೆಗೆದುಕೊಳ್ಳೋಣ. 1869ರಲ್ಲಿ ಹೆಂಗಸರ ಪರವಾಗಿ ಬರೆದಾಗ ನೀವೆಷ್ಟು ಸ್ಪಷ್ಟವಾಗಿ ಕಂಡಿರಿ! ಅಧೀನದಲ್ಲಿಟ್ಟವರ ನಿಜವಾದ ಸಾಮರ್ಥ್ಯ ಏನೆಂದು ಯಾರಿಗೂ ತಿಳಿಯಲಾರದು, ಮೊದಲು ಬಿಡುಗಡೆ ಕೊಡಿ ಎಂಬುದು ನಿಮ್ಮ ವಾದವಾಗಿತ್ತು. ಲಂಡನ್ನಿನ ಹೆಣ್ಣಿಗೆ ಸಲ್ಲುವ ಈ ನ್ಯಾಯ ಸುಳ್ಯದ ರೈತನಿಗೆ ಏಕೆ ಸಲ್ಲಲಿಲ್ಲ? ಭಾರತದ ಮಟ್ಟಿಗೆ ಈ ಯೋಗ್ಯತೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆದವರೂ ಅಂಕ ಕೊಟ್ಟವರೂ ಆಳುವವರೇ. ನಾವು ಪಾಸಾದರೆ ಅವರು ಗಂಟುಮೂಟೆ ಕಟ್ಟಬೇಕಿತ್ತು. ಅಂಥ ಪರೀಕ್ಷೆಯಲ್ಲಿ ಯಾವ ಜನಾಂಗವೂ ಎಂದೂ ಪಾಸಾಗುವುದಿಲ್ಲ.

ಓದು, ಬರಹ, ಲೆಕ್ಕ ಬಾರದವರಿಗೆ ಓಟು ಕೊಡಬಾರದೆಂದೂ 1861ರಲ್ಲಿ ಬರೆದಿರಿ. ಅದಕ್ಕೆ ಈ ನೆಲ ಕೊಟ್ಟ ಉತ್ತರ ಕೇಳಿ. 1951ರಲ್ಲಿ ನಮ್ಮಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಆದರೂ ಸಂವಿಧಾನ ವಯಸ್ಕರೆಲ್ಲರಿಗೂ ಮತದ ಹಕ್ಕು ಕೊಟ್ಟಿತ್ತು. ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಹೆಸರು ಓದಲಾಗದವರು ಜೋಡೆತ್ತನ್ನೋ ಮರವನ್ನೋ ಗುರುತಿಸಿ, ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರು. ಅದಾದ ಮೇಲೆ ಎಷ್ಟೋ ಸರ್ಕಾರಗಳನ್ನು ತಂದರು, ಇಳಿಸಿದರು.

ಆದರೂ ನಿಮ್ಮ ಷರತ್ತು ಸತ್ತಿಲ್ಲ. ಓದದವರಿಗೇಕೆ ಓಟು ಎನ್ನುವ ಸುಶಿಕ್ಷಿತರು ನಮ್ಮ ನಡುವೆಯೇ ಇದ್ದಾರೆ. ನಿಮ್ಮ ಒಳ್ಳೆಯದಕ್ಕೇ ಎಂದು ಹೇಳಿ ಆದಿವಾಸಿಗಳನ್ನು ಕಾಡಿನಿಂದ ಎಬ್ಬಿಸುವ ಅಧಿಕಾರಿಗಳೂ ಇದ್ದಾರೆ. ಅವರ ಬಾಯಲ್ಲಿ ಲೆಡನ್‌ಹಾಲ್ ಬೀದಿಯ ದನಿಯೇ ಕೇಳುತ್ತದೆ. ಆದ್ದರಿಂದ ನಿಮ್ಮ ಪುಸ್ತಕವನ್ನು ನಾವು ಕಪಾಟಿನಿಂದ ಕೆಳಗಿಳಿಸುವುದಿಲ್ಲ. ಆ ಷರತ್ತನ್ನು ಮಾತ್ರ ಒಪ್ಪುವುದಿಲ್ಲ. ನೀವು ಕಲಿಸಿದ ಸ್ವಾತಂತ್ರ್ಯವನ್ನು, ನೀವು ಯಾರನ್ನು ಹೊರಗೆ ನಿಲ್ಲಿಸಿದಿರೋ ಅವರೇ ಮೊದಲು ಪಡೆಯಬೇಕು.

ಇಂತಿ,
ನಿಮ್ಮ ಓದುಗ,
ಕರ್ನಾಟಕದ ಒಬ್ಬ ಮತದಾರ